ಗಾಡಿಯಲ್ಲೇ ದೂರದ ಪ್ರಯಾಣ: ಏನು ಹೇರಬೇಕು, ಏನು ಬಿಡಬೇಕು

‘ತಿಂಗಳುಗಟ್ಟಲೆ ಗಾಡಿಯಲ್ಲೇ ಸುತ್ತಬೇಕು ಅಂತಿದ್ದೇನೆ, ಏನೇನು ಕೊಳ್ಳಬೇಕು?’ ಓದುಗರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಜೊತೆಗೆ ಒಂದು ಪಟ್ಟಿಯೂ ಬರುತ್ತದೆ. ಚಾವಣಿ ಮೇಲಿನ ಟೆಂಟು, ಹಗ್ಗ ಸುತ್ತಿ ಹೂತ ಗಾಡಿ ಎಳೆಯುವ ವಿಂಚು, ಎಲ್‌ಇಡಿ ದೀಪದ ಸಾಲು, ಫ್ರಿಜ್ಜು, ಡ್ರಾಯರು. ಟೈರಿನ ಮಾತು ಮಾತ್ರ ಎಲ್ಲೂ ಇರುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದ ಹಾಗೆ.

ಈ ಬಗೆಯ ಪ್ರಯಾಣಕ್ಕೆ ಓವರ್‌ಲ್ಯಾಂಡಿಂಗ್ ಅನ್ನುತ್ತಾರೆ. ಗಾಡಿಯೇ ಮನೆ, ಗಾಡಿಯೇ ಅಡುಗೆಮನೆ, ರಸ್ತೆ ಚೆನ್ನಾಗಿರಲಿ ಬಿಡಲಿ ಮುಂದೆ ಹೋಗುತ್ತಿರುವುದು. ಇದಕ್ಕೆ ಭಾರಿ ಗಾಡಿ ಬೇಕೆಂದೇನೂ ಇಲ್ಲ. ಸಾಮಾನ್ಯ ಕಾರಿನಲ್ಲಿ ಖಂಡ ದಾಟಿದವರಿದ್ದಾರೆ. ಬೇಕಾಗಿರುವುದು ಲೆಕ್ಕ ಮತ್ತು ಅಭ್ಯಾಸ. ಹಾಗಾಗಿ ಈ ಲೇಖನದಲ್ಲಿ ಕೊಳ್ಳುವ ಮಾತಿಗಿಂತ ತೂಗುವ, ಅಳೆಯುವ, ಬಿಚ್ಚಿ ನೋಡುವ ಮಾತೇ ಜಾಸ್ತಿ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಿಂದುಮುಂದಾದರೆ ಕೊಂಡದ್ದನ್ನೇ ಮತ್ತೆ ಕೊಳ್ಳಬೇಕಾಗುತ್ತದೆ.

1. ಮೊದಲು ದಾರಿ ಗೊತ್ತಾಗಲಿ

ಒಂದು ಹಾಳೆ ತೆಗೆದುಕೊಂಡು ನಾಲ್ಕು ಸಂಗತಿ ಬರೆದುಕೊಳ್ಳಿ. ಎರಡು ಪೆಟ್ರೋಲ್ ಬಂಕ್‌ಗಳ ನಡುವೆ ಅತಿ ದೂರದ ಅಂತರ ಎಷ್ಟು ಕಿಲೋಮೀಟರ್? ನೀರು ಸಿಗದೆ ಹೆಚ್ಚೆಂದರೆ ಎಷ್ಟು ದಿನ ಕಳೆಯಬೇಕು? ಅತಿ ಎತ್ತರದ ಜಾಗ ಯಾವುದು? ರಾತ್ರಿ ಎಷ್ಟು ಚಳಿ, ಹಗಲು ಎಷ್ಟು ಬಿಸಿಲು? ಮುಂದಿನ ಎಲ್ಲ ತೀರ್ಮಾನಕ್ಕೂ ಈ ನಾಲ್ಕು ಉತ್ತರಗಳೇ ಆಧಾರ.

ಅಲಾಸ್ಕಾದ ಡಾಲ್ಟನ್ ಹೆದ್ದಾರಿಯನ್ನೇ ನೋಡಿ. ಅಲ್ಲಿ ಕೋಲ್ಡ್‌ಫುಟ್ ಬಿಟ್ಟರೆ ಡೆಡ್‌ಹಾರ್ಸ್ ತಲುಪುವ ತನಕ, ಅಂದರೆ ಸುಮಾರು 385 ಕಿ.ಮೀ., ಇಂಧನ ಸಿಗುವುದಿಲ್ಲ. ಅಲ್ಲಿಗೆ ಹೋಗುವವರ ತಯಾರಿ ಬೇರೆ. ಪ್ರತಿ 100 ಕಿ.ಮೀ.ಗೂ ಬಂಕ್ ಇರುವ ದಾರಿಯಲ್ಲಿ ಹೋಗುವವರ ತಯಾರಿಯೇ ಬೇರೆ. ಎರಡನೆಯವರು ಚಾವಣಿ ಮೇಲೆ ನಾಲ್ಕು ಕ್ಯಾನ್ ಕಟ್ಟಿಕೊಂಡು ತಿರುಗಿದರೆ ಫೋಟೋಕ್ಕೆ ಚೆಂದ, ಅಷ್ಟೇ.

2. ತೂಕದ ಲೆಕ್ಕ

ಇದು ಎಲ್ಲರೂ ಬಿಟ್ಟುಬಿಡುವ ಹಂತ. ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಪ್ರತಿ ಗಾಡಿಗೂ ಒಂದು ಗರಿಷ್ಠ ತೂಕ ಇರುತ್ತದೆ. ಜನ, ಸಾಮಾನು, ಇಂಧನ ಎಲ್ಲ ಸೇರಿ ಅದನ್ನು ಮೀರಬಾರದು. ಇದಕ್ಕೆ ಗ್ರಾಸ್ ವೆಹಿಕಲ್ ವೇಟ್ ಅನ್ನುತ್ತಾರೆ. ಖಾಲಿ ಗಾಡಿಯ ತೂಕಕ್ಕೆ ಕರ್ಬ್ ವೇಟ್ ಎಂದು ಹೆಸರು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದೇ ಪೇಲೋಡ್, ಅಂದರೆ ನೀವು ಹೇರಬಹುದಾದ ಭಾರ. ಎರಡೂ ಅಂಕಿ ಮಾಲೀಕರ ಕೈಪಿಡಿಯಲ್ಲಿ ಸಿಗುತ್ತವೆ. ಬಹಳಷ್ಟು ಗಾಡಿಗಳಲ್ಲಿ ಗರಿಷ್ಠ ತೂಕವನ್ನು ಬಾಗಿಲ ಚೌಕಟ್ಟಿನ ಪಟ್ಟಿಯ ಮೇಲೂ ಹಾಕಿರುತ್ತಾರೆ.

ಒಂದು ಉದಾಹರಣೆ. ಗರಿಷ್ಠ 2,900 ಕೆ.ಜಿ., ಖಾಲಿ 2,200 ಕೆ.ಜಿ. ಎಂದಿಟ್ಟುಕೊಳ್ಳಿ. ಪೇಲೋಡ್ 700 ಕೆ.ಜಿ. ‘ಅಬ್ಬಾ, ಬೇಕಾದಷ್ಟಾಯಿತು’ ಅನಿಸುತ್ತದೆ ಅಲ್ವಾ? ಈಗ ಕೂಡಿಸಿ. ಇಬ್ಬರು ಪ್ರಯಾಣಿಕರು 150. ಕುಡಿಯುವ ನೀರು 60 ಲೀಟರ್, ಅದು 60 ಕೆ.ಜಿ. ಎರಡು ಕ್ಯಾನ್ ಡೀಸೆಲ್, 40 ಲೀಟರ್, ಸುಮಾರು 34. ಚಾವಣಿ ಟೆಂಟು 65, ಅದನ್ನು ಕೂರಿಸುವ ರ‍್ಯಾಕ್ 30. ತುಂಬಿದ ಫ್ರಿಜ್ 50. ಎರಡನೇ ಬ್ಯಾಟರಿ 30. ಉಪಕರಣ, ಬಿಡಿಭಾಗ 40. ಹೂತ ಗಾಡಿ ಎಳೆಯುವ ಸಾಮಾನು 30. ಉಕ್ಕಿನ ಬಂಪರ್ ಮತ್ತು ವಿಂಚು 100. ಅಡುಗೆ ಸಾಮಾನು, ಬಟ್ಟೆ, ಹಾಸಿಗೆ 80. ಒಟ್ಟು 669. ಉಳಿದದ್ದು 31 ಕೆ.ಜಿ. ಮಾತ್ರ. ಇನ್ನೊಂದು ಡ್ರಾಯರ್ ಸೆಟ್ ಹಾಕಿದರೆ ಲೆಕ್ಕ ತಪ್ಪಿತು.

ಇಲ್ಲಿ ಮೂರು ಕಡೆ ಜನ ಎಡವುತ್ತಾರೆ.

ಕರ್ಬ್ ವೇಟ್ ಅಂದರೆ ಏನು ಎನ್ನುವುದು ಎಲ್ಲ ಕಂಪನಿಗೂ ಒಂದೇ ಅಲ್ಲ. ಕೆಲವರು ಚಾಲಕನ 75 ಕೆ.ಜಿ. ಸೇರಿಸಿ ಹೇಳುತ್ತಾರೆ, ಕೆಲವರು ಸೇರಿಸುವುದಿಲ್ಲ. ಟ್ಯಾಂಕ್ ಎಷ್ಟು ತುಂಬಿದೆ ಎನ್ನುವುದರಲ್ಲೂ ವ್ಯತ್ಯಾಸ ಇದೆ. ಕಾಗದ ನಂಬುವ ಬದಲು, ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಗಾಡಿ ನಿಲ್ಲಿಸಿ. ಎಲ್ಲ ಹೇರಿ, ಟ್ಯಾಂಕ್ ತುಂಬಿಸಿ, ಜನ ಕೂತು ತೂಗಿಸಬೇಕು. ಆಮೇಲೆ ಮುಂದಿನ ಚಕ್ರಗಳನ್ನು ಮಾತ್ರ ತೂಗಿಸಿ, ಹಿಂದಿನವನ್ನು ಮಾತ್ರ ತೂಗಿಸಿ. ಒಟ್ಟು ತೂಕ ಸರಿ ಇದ್ದರೂ ಹಿಂದಿನ ಆಕ್ಸೆಲ್ ಮಿತಿ ಮೀರಿರುವುದು ತೀರಾ ಸಾಮಾನ್ಯ.

ಎರಡನೆಯದು ಸಸ್ಪೆನ್ಷನ್. ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಹೆಚ್ಚು ಹೇರಬಹುದು ಎಂದು ಬಹಳ ಜನ ನಂಬಿದ್ದಾರೆ. ಗಾಡಿ ಹಿಂದಕ್ಕೆ ಬಾಗುವುದು ನಿಲ್ಲುತ್ತದೆ, ನಿಜ. ಬ್ರೇಕು, ಚಾಸಿಸ್, ಆಕ್ಸೆಲ್ ಮಾತ್ರ ಹಳೆಯವೇ ಅಲ್ಲವೇ?

ಮೂರನೆಯದು ಚಾವಣಿ. ಅದರ ಮಿತಿ ಬೇರೆಯೇ ಇರುತ್ತದೆ, ಬಹಳ ಗಾಡಿಗಳಲ್ಲಿ 50ರಿಂದ 100 ಕೆ.ಜಿ. ಅಷ್ಟೇ. ಅದರಲ್ಲಿ ರ‍್ಯಾಕಿನ ತೂಕವೂ ಸೇರಿತು. ಕೈಪಿಡಿಯ ಅಂಕಿ ಓಡುವ ಗಾಡಿಗೆ ಹೇಳಿದ್ದು. ನಿಂತ ಗಾಡಿಯ ಚಾವಣಿ ಇದಕ್ಕಿಂತ ಎಷ್ಟೋ ಜಾಸ್ತಿ ತಾಳುತ್ತದೆ, ಅದಕ್ಕೇ ಟೆಂಟಿನಲ್ಲಿ ಇಬ್ಬರು ಮಲಗಬಹುದು. ಆದರೂ ಕೆಟ್ಟ ರಸ್ತೆಗೆ ಹೋಗುವುದಾದರೆ ಚಾವಣಿ ಮೇಲೆ ಹಗುರ ವಸ್ತು ಮಾತ್ರ ಇಡಿ. ಎತ್ತರದಲ್ಲಿ ಭಾರ ಇದ್ದರೆ ಓರೆ ದಾರಿಯಲ್ಲಿ ಗಾಡಿ ಮಗುಚುತ್ತದೆ.

3. ಟೈರು, ಟೈರಿನ ಗಾಳಿ

ಕೈಯಲ್ಲಿ ಹಣ ಕಡಿಮೆ ಇದ್ದರೆ ಬೇರೆಲ್ಲ ಬಿಟ್ಟು ಟೈರಿಗೆ ಹಾಕಿ. ದಾರಿಯಲ್ಲಿ ಕೈಕೊಡುವುದರಲ್ಲಿ ಅದೇ ಮೊದಲು.

ಈಗ ನಿಮ್ಮ ಟೈರಿನ ಪಕ್ಕದ ಗೋಡೆ ಓದಿ. 265/70 ಆರ್17 115ಟಿ ಎಂದಿದ್ದರೆ 265 ಎಂಬುದು ಮಿಲಿಮೀಟರಿನಲ್ಲಿ ಅಗಲ. 70 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 70. 17 ಎಂಬುದು ರಿಮ್ಮಿನ ಇಂಚು. 115 ಭಾರದ ಸೂಚಿ, ಅಂದರೆ ಒಂದು ಟೈರು 1,215 ಕೆ.ಜಿ. ಹೊರುತ್ತದೆ. ಕೊನೆಯ ಅಕ್ಷರ ವೇಗದ ಮಿತಿ. ಹೊಸ ಟೈರು ಕೊಳ್ಳುವಾಗ ಭಾರದ ಸೂಚಿ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಆಗಬಾರದು.

ಅದೇ ಗೋಡೆಯ ಮೇಲೆ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಎಷ್ಟೇ ಹೊಸದಾಗಿ ಕಂಡರೂ 10 ವರ್ಷ ದಾಟಿದ ಟೈರು ಬೇಡ. 6 ವರ್ಷ ದಾಟಿದ್ದರೆ ಬಿರುಕು ಇದೆಯೇ ಎಂದು ತಿಳಿದವರಿಂದ ನೋಡಿಸಿ. ಸ್ಟೆಪ್ನಿಯನ್ನೂ ಮರೆಯಬೇಡಿ. ಗಾಡಿಯ ಅತಿ ಹಳೆಯ ಟೈರು ಅದೇ ಆಗಿರುತ್ತದೆ. ಟೈರು ಸವೆದ ಮೇಲೂ ಅದರ ಗೀರುಗಳ ಆಳ ಕನಿಷ್ಠ ಇಷ್ಟಿರಬೇಕು ಎಂಬ ಮಿತಿ ಬಹಳಷ್ಟು ದೇಶಗಳಲ್ಲಿ 1.6 ಮಿ.ಮೀ., ಆದರೆ ಕೆಸರು, ಜಲ್ಲಿ ದಾರಿಗೆ ಹೋಗುವವರು 4 ಮಿ.ಮೀ.ಗಿಂತ ಕೆಳಗೆ ಇಳಿದ ಟೈರಿನಲ್ಲಿ ಹೊರಡದಿರುವುದೇ ಒಳ್ಳೆಯದು.

ಇನ್ನು ಗಾಳಿ. ಗಾಳಿಯ ಒತ್ತಡವನ್ನು ಪಿಎಸ್‌ಐ ಲೆಕ್ಕದಲ್ಲಿ ಅಳೆಯುತ್ತಾರೆ. ಡಾಂಬರು ರಸ್ತೆಗೆ 36 ಇಟ್ಟುಕೊಳ್ಳುವ ಗಾಡಿಯಾದರೆ, ಜಲ್ಲಿ ರಸ್ತೆಗೆ 26–28ಕ್ಕೆ ಇಳಿಸಿ. ಮೆತ್ತನೆ ಮರಳಿಗೆ 16–18. ಪೂರ್ತಿ ಹೂತಾಗ ಮಾತ್ರ 12ರ ತನಕ ಹೋಗಬಹುದು, ಆಗ ಸ್ಟೀರಿಂಗ್ ಜೋರಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚುತ್ತದೆ. ಗಾಳಿ ಇಳಿಸಿದರೆ ಟೈರು ಉದ್ದಕ್ಕೆ ಹರಡಿಕೊಂಡು ನೆಲಕ್ಕೆ ಜಾಸ್ತಿ ತಾಗುತ್ತದೆ. ಚೂಪು ಕಲ್ಲು ಸಿಕ್ಕಿದರೆ ಹರಿಯುವ ಬದಲು ಮಣಿಯುತ್ತದೆ. ವಿಂಚು ಕೊಂಡವರಲ್ಲಿ ಅರ್ಧ ಜನಕ್ಕೆ ಬೇಕಾಗಿದ್ದದ್ದು ವಿಂಚಲ್ಲ, ಗಾಳಿ ಅಳೆಯುವ ಒಂದು ಗೇಜು ಅಂತ ನನ್ನ ಅಭಿಪ್ರಾಯ.

ಎಚ್ಚರಿಕೆ ಒಂದಿದೆ. ಗಾಳಿ ಕಡಿಮೆ ಇದ್ದಾಗ ವೇಗವೂ ಕಡಿಮೆ ಇರಬೇಕು. ಮರಳಿನ ಒತ್ತಡದಲ್ಲಿ 40 ಕಿ.ಮೀ. ಮೀರಬೇಡಿ. ಮರಳು ಮುಗಿದು ಡಾಂಬರು ಬಂತೆಂದು ಹಾಗೇ 80ರಲ್ಲಿ ಓಡಿಸಿದರೆ ಟೈರು ಮಡಚಿ ಮಡಚಿ ಕಾದು ಸಿಡಿಯುತ್ತದೆ. ಮರಳು ದಾಟಿದ ಕೂಡಲೇ ನಿಲ್ಲಿಸಿ ಗಾಳಿ ತುಂಬಿಸಿ.

ನಿಮ್ಮ ಒತ್ತಡ ಸರಿ ಇದೆಯೇ ಎಂದು ತಿಳಿಯಲು ಒಂದು ಅಂದಾಜಿನ ಲೆಕ್ಕ ಉಂಟು. ಬೆಳಿಗ್ಗೆ ತಣ್ಣಗಿದ್ದಾಗ ಅಳೆಯಿರಿ. ಒಂದು ಗಂಟೆ ಓಡಿಸಿದ ಮೇಲೆ ಮತ್ತೆ ಅಳೆಯಿರಿ. ಸುಮಾರು 4 ಪಿಎಸ್‌ಐ ಏರಿದ್ದರೆ ಸರಿ. 6ಕ್ಕಿಂತ ಜಾಸ್ತಿ ಏರಿದ್ದರೆ ಗಾಳಿ ಕಡಿಮೆಯಿತ್ತು, ಟೈರು ಹೆಚ್ಚು ಬಳುಕಿ ಕಾದಿದೆ. ಎರಡೇ ಏರಿದ್ದರೆ ಗಾಳಿ ಜಾಸ್ತಿಯಿತ್ತು. ಬಿಸಿ ಟೈರಿನಿಂದ ಗಾಳಿ ಬಿಟ್ಟು ‘ಸರಿ’ ಮಾಡಲು ಹೋಗಬೇಡಿ, ತಣಿದಾಗ ತೀರಾ ಕಡಿಮೆಯಾಗುತ್ತದೆ. ಹವೆ 10 ಡಿಗ್ರಿ ತಣ್ಣಗಾದರೆ ಒತ್ತಡವೂ ಒಂದೂವರೆ, ಎರಡು ಪಿಎಸ್‌ಐ ಇಳಿಯುತ್ತದೆ. ಬಿಸಿಲ ಬಯಲಿನಿಂದ ಬೆಟ್ಟ ಹತ್ತಿದವರು ಮರುದಿನ ಬೆಳಿಗ್ಗೆ ಮತ್ತೆ ನೋಡಿಕೊಳ್ಳಬೇಕು.

ಟೈರಿನ ಜೊತೆ ಇರಬೇಕಾದ ಸಾಮಾನು: ಗೇಜು, ಗಾಳಿ ತುಂಬುವ ಕಂಪ್ರೆಸರ್, ಪಂಕ್ಚರ್ ಕಿಟ್, ಜಾಕು, ಜಾಕಿನ ಅಡಿಗೆ ಇಡಲು ದಪ್ಪ ಹಲಗೆ. ಹಲಗೆ ಇಲ್ಲದಿದ್ದರೆ ಮರಳಿನಲ್ಲಿ ಗಾಡಿ ಮೇಲೆ ಬರುವ ಬದಲು ಜಾಕೇ ಕೆಳಗೆ ಹೋಗುತ್ತದೆ. ದೊಡ್ಡ ಕಂಪ್ರೆಸರನ್ನು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕಬೇಡಿ, ಫ್ಯೂಸು ಹೋಗುತ್ತದೆ. ನೇರ ಬ್ಯಾಟರಿಗೆ ಕೊಡಿ, ಎಂಜಿನ್ ಚಾಲೂ ಇರಲಿ. ಪಂಕ್ಚರ್ ಪ್ಲಗ್ಗು ನೆಲಕ್ಕೆ ತಾಗುವ ಭಾಗಕ್ಕೆ ಮಾತ್ರ. ಪಕ್ಕದ ಗೋಡೆಗೆ ಚುಚ್ಚಿದ್ದು ಹತ್ತಿರದ ಊರು ಮುಟ್ಟಿಸಲಷ್ಟೇ, ಅದೂ ನಿಧಾನವಾಗಿ.

ಅಲಾಯ್ ಚಕ್ರಕ್ಕೆ ಕಳ್ಳರಿಗೆ ಸಿಗದಂತೆ ಲಾಕ್ ನಟ್ಟು ಹಾಕಿಸಿದ್ದೀರಾ? ಅದರ ಕೀಲಿ ಗಾಡಿಯಲ್ಲೇ ಇದೆಯೇ, ಈಗಲೇ ಎದ್ದು ಹೋಗಿ ನೋಡಿ. ನಾನು ಒಮ್ಮೆ ಅದನ್ನು ಮನೆಯ ಮೇಜಿನ ಮೇಲೆ ಬಿಟ್ಟು ಹೋಗಿದ್ದೆ. ಒಳ್ಳೆಯ ಸ್ಟೆಪ್ನಿ, ಒಳ್ಳೆಯ ಜಾಕು ಎರಡೂ ಇದ್ದು ಅರ್ಧ ದಿನ ರಸ್ತೆ ಬದಿ ಕೂತಿದ್ದೆ.

4. ನೀರು ಮತ್ತು ಇಂಧನ

ಬಿಸಿಲಿನ ಜಾಗದಲ್ಲಿ ಒಬ್ಬರಿಗೆ ದಿನಕ್ಕೆ ಕುಡಿಯಲು 5 ಲೀಟರ್ ಇಟ್ಟುಕೊಳ್ಳಿ, ಅಡುಗೆ ಮತ್ತು ತೊಳೆಯಲು ಇನ್ನೆರಡು. ನೀರು ಸಿಗದ ದಿನಗಳಿಂದ ಗುಣಿಸಿ. ಅದರ ಮೇಲೆ ಎರಡು ದಿನದ ಕುಡಿಯುವ ನೀರು ಸೇರಿಸಿ. ಗಾಡಿ ಕೆಟ್ಟು ನಿಂತರೆ ಅದೇ ಆಸರೆ. ಒಂದೇ ದೊಡ್ಡ ಟ್ಯಾಂಕಿನಲ್ಲಿ ಎಲ್ಲ ನೀರು ಇಡಬೇಡಿ. ಟ್ಯಾಂಕು ಸೋರಿದರೆ ಎಲ್ಲವೂ ಹೋಯಿತು. ಮೂರು ನಾಲ್ಕು ಕ್ಯಾನ್‌ಗಳಲ್ಲಿ ಹಂಚಿಡಿ.

ಸಿಕ್ಕ ನೀರನ್ನು ಕುದಿಸುವುದಾದರೆ ಚೆನ್ನಾಗಿ ಮರಳಿದ ಮೇಲೆ ಒಂದು ನಿಮಿಷ ಸಾಕು. 2,000 ಮೀಟರ್‌ಗಿಂತ ಎತ್ತರದಲ್ಲಿ ಮೂರು ನಿಮಿಷ ಬೇಕು, ಏಕೆಂದರೆ ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಪ್ರವಾಸಿಗರು ಕೊಳ್ಳುವ ಸಣ್ಣ ಫಿಲ್ಟರ್‌ಗಳು ಬ್ಯಾಕ್ಟೀರಿಯಾ ತಡೆಯುತ್ತವೆ. ವೈರಸ್ ಅದಕ್ಕಿಂತ ಸಣ್ಣದು, ತೂರಿಕೊಂಡು ಹೋಗುತ್ತದೆ. ಜನ, ದನ ಓಡಾಡುವ ಕಡೆಯ ನೀರಾದರೆ ಸೋಸಿದ ಮೇಲೂ ಕುದಿಸಿ ಅಥವಾ ಕ್ಲೋರಿನ್ ಮಾತ್ರೆ ಹಾಕಿ. ನೀರಿನಲ್ಲಿ ರಾಸಾಯನಿಕ ಅಥವಾ ಉಪ್ಪು ಇದ್ದರೆ ಕುದಿಸಿ ಪ್ರಯೋಜನ ಇಲ್ಲ.

ಇಂಧನಕ್ಕೆ ಮೈಲೇಜು ಲೆಕ್ಕ ಹಾಕುವಾಗ ಕಂಪನಿ ಹೇಳಿದ ಅಂಕಿ ಮರೆತುಬಿಡಿ. ಹೇರಿದ ಗಾಡಿಯಲ್ಲಿ ನೀವೇ ಅಳೆದದ್ದು ಲೆಕ್ಕ. ಡಾಂಬರಿನಲ್ಲಿ ಲೀಟರ್‌ಗೆ 8 ಕಿ.ಮೀ. ಕೊಡುವ ಗಾಡಿ ಮೆತ್ತನೆ ಮರಳಿನಲ್ಲಿ 5 ಕೊಟ್ಟರೂ ಆಶ್ಚರ್ಯವಿಲ್ಲ. 400 ಕಿ.ಮೀ. ಮರಳು ದಾರಿಗೆ 80 ಲೀಟರ್ ಆಯಿತು. ದಾರಿ ತಪ್ಪುವುದಕ್ಕೆ, ವಾಪಸ್ ತಿರುಗುವುದಕ್ಕೆ ಅದರ ಕಾಲು ಭಾಗ ಸೇರಿಸಿ 100 ಇಟ್ಟುಕೊಳ್ಳಿ.

ಪೆಟ್ರೋಲ್ ಕ್ಯಾನನ್ನು ಜನ ಕೂರುವ ಜಾಗದಲ್ಲಿ ಇಡಲೇಬೇಡಿ. ತುಂಬಿಸುವಾಗ ಗಾಡಿಯಿಂದ ಇಳಿಸಿ ನೆಲದ ಮೇಲಿಟ್ಟೇ ತುಂಬಿಸಿ, ಡಿಕ್ಕಿಯೊಳಗಿನ ಪ್ಲಾಸ್ಟಿಕ್ ಮೇಲಿದ್ದರೆ ಸ್ಥಿರ ವಿದ್ಯುತ್ತಿನ ಕಿಡಿ ಹತ್ತಬಹುದು. ಕಂಠಪೂರ್ತಿಯೂ ಬೇಡ, ಬಿಸಿಲಿಗೆ ಹಿಗ್ಗಲು ಜಾಗ ಬೇಕು.

ಹೊಸ ಡೀಸೆಲ್ ಗಾಡಿಯವರಿಗೆ ಇನ್ನೊಂದು ತಲೆನೋವು. ಯೂರೋ 6 ಎಂಬ ಯುರೋಪಿನ ಹೊಗೆ ನಿಯಮದ ಮಟ್ಟದ ಎಂಜಿನ್ನಿಗೆ ಗಂಧಕ ತೀರಾ ಕಡಿಮೆ ಇರುವ, ಅಂದರೆ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಭಾಗ) ಮಟ್ಟದ ಡೀಸೆಲ್ ಬೇಕು. ಗಂಧಕ ಜಾಸ್ತಿ ಇರುವ ಡೀಸೆಲ್ ಮಾರುವ ದೇಶಗಳು ಇನ್ನೂ ಇವೆ. ಅಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಕಟ್ಟಿಕೊಳ್ಳಬಹುದು. ಆಡ್‌ಬ್ಲೂ ಎಂಬ ಯೂರಿಯಾ ದ್ರವ ಬೇಕಾದ ಗಾಡಿಗಳಲ್ಲಿ ಅದು ಮುಗಿದರೆ ನಿಲ್ಲಿಸಿದ ಎಂಜಿನ್ ಮತ್ತೆ ಚಾಲೂ ಆಗುವುದಿಲ್ಲ. ಮೈನಸ್ 11 ಡಿಗ್ರಿಯಲ್ಲಿ ಅದು ಹೆಪ್ಪುಗಟ್ಟುತ್ತದೆ ಕೂಡ. ದಾರಿಯ ದೇಶಗಳಲ್ಲಿ ಇವೆರಡೂ ಸಿಗುತ್ತವೆಯೇ ಎಂದು ಮೊದಲ ಹಂತದ ಹಾಳೆಯಲ್ಲೇ ಬರೆದುಕೊಳ್ಳಿ.

5. ಹೂತ ಗಾಡಿ ಎತ್ತುವ ಸಾಮಾನು

ಈ ಹಂತವನ್ನು ದಯವಿಟ್ಟು ಎರಡು ಸಲ ಓದಿ. ಇಲ್ಲಿ ತಪ್ಪಾದರೆ ಜೀವ ಹೋಗುತ್ತದೆ.

ಗಾಡಿ ಹೂತಾಗ ಮಾಡಬೇಕಾದ ಮೊದಲ ಕೆಲಸ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುವುದು. ಚಕ್ರ ಸುಮ್ನೆ ತಿರುಗಿದಷ್ಟೂ ಗುಂಡಿ ಆಳವಾಗುತ್ತದೆ. ಇಳಿಯಿರಿ, ಗಾಳಿ ಇಳಿಸಿ. ಚಕ್ರದ ಮುಂದಿನ ಮಣ್ಣು ಸಲಿಕೆಯಲ್ಲಿ ತೆಗೆಯಿರಿ. ಹೊಟ್ಟೆ ನೆಲಕ್ಕೆ ತಾಗಿದ್ದರೆ ಅದರ ಅಡಿಯ ಮಣ್ಣನ್ನೂ ತೆಗೆಯಬೇಕು. ಆಮೇಲೆ ಹಲ್ಲುಗಳಿರುವ ಪ್ಲಾಸ್ಟಿಕ್ ಹಲಗೆಗಳನ್ನು ಚಕ್ರದಡಿ ತೂರಿಸಿ, ನಿಧಾನವಾಗಿ ಓಡಿಸಿ. ಸಾಮಾನ್ಯವಾಗಿ ಇಷ್ಟಕ್ಕೇ ಗಾಡಿ ಹೊರಗೆ ಬರುತ್ತದೆ. ಒಂಟಿಯಾಗಿ ಹೋಗುವವರಿಗೆ ಉದ್ದ ಹಿಡಿಯ ಸಲಿಕೆ ಮತ್ತು ಎರಡು ಹಲಗೆ ಇದ್ದರೆ ವಿಂಚಿಗಿಂತ ಎಷ್ಟೋ ಮೇಲು. ಮರ ಇಲ್ಲದ ಬಯಲಿನಲ್ಲಿ ವಿಂಚನ್ನು ಯಾವುದಕ್ಕೆ ಕಟ್ಟುತ್ತೀರಿ?

ಇನ್ನೊಂದು ಗಾಡಿಯಿಂದ ಎಳೆಸುವುದಾದರೆ ಹಗ್ಗದ ಬಗೆ ತಿಳಿದಿರಬೇಕು. ಕೈನೆಟಿಕ್ ಹಗ್ಗ ರಬ್ಬರಿನಂತೆ ಹಿಗ್ಗಿ, ಕೂಡಿಟ್ಟ ಬಲದಿಂದ ಹೂತ ಗಾಡಿಯನ್ನು ಕಿತ್ತು ತೆಗೆಯುತ್ತದೆ. ಟೋ ಪಟ್ಟಿ ಹಿಗ್ಗುವುದಿಲ್ಲ, ಅದು ಕೆಟ್ಟ ಗಾಡಿಯನ್ನು ರಸ್ತೆಯಲ್ಲಿ ಎಳೆದೊಯ್ಯಲು ಮಾತ್ರ. ಹಿಗ್ಗದ ಪಟ್ಟಿ ಕಟ್ಟಿ ಓಡಿಬಂದು ಜಗ್ಗಿದರೆ ಪಟ್ಟಿಯೋ ಕೊಕ್ಕೆಯೋ ಚಾಸಿಸ್ಸೋ ಕಿತ್ತುಬರುತ್ತದೆ. ಹಗ್ಗದ ಮೇಲೆ ಬರೆದಿರುವ ಕಡಿಯುವ ಮಿತಿ, ಹೇರಿದ ಗಾಡಿಯ ತೂಕದ ಎರಡರಿಂದ ಮೂರು ಪಟ್ಟು ಇರಬೇಕು.

ಈಗ ಮುಖ್ಯವಾದ ಮಾತು. ಟ್ರೇಲರ್ ಎಳೆಯುವ ಗುಂಡು, ಅಂದರೆ ಟೋ ಬಾಲ್, ಹೂತ ಗಾಡಿ ಎಳೆಯಲು ಇರುವುದಲ್ಲ. ಅದಕ್ಕೆ ಹಗ್ಗ ಸಿಕ್ಕಿಸಿ ಜಗ್ಗಿ, ಗುಂಡು ಮುರಿದು ಗುಂಡಿನಂತೆಯೇ ಹಾರಿ ಜನ ಸತ್ತಿದ್ದಾರೆ. ಲಾರಿಯ ಮೇಲೆ ಗಾಡಿ ಸಾಗಿಸುವಾಗ ಬಿಗಿಯಲು ಕೊಟ್ಟಿರುವ ತೆಳು ಬಳೆಗಳೂ ಬೇಡ. ಚಾಸಿಸ್ಸಿಗೆ ಬೋಲ್ಟು ಹಾಕಿದ, ಭಾರದ ಮಿತಿ ಬರೆದ ಕೊಕ್ಕೆಯೇ ಬೇಕು, ಹಿಂದೊಂದು ಮುಂದೊಂದು. ನಿಮ್ಮ ಗಾಡಿಯಲ್ಲಿ ಅದು ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ, ಬಹುಶಃ ಇಲ್ಲ.

ಕೊಕ್ಕೆಗೆ ಹಗ್ಗ ಜೋಡಿಸುವ ಯು ಆಕಾರದ ಉಕ್ಕಿನ ಬಳೆಗೆ ಶ್ಯಾಕಲ್ ಎನ್ನುತ್ತಾರೆ. ಅದರ ಮೇಲೆ ಡಬ್ಲ್ಯುಎಲ್‌ಎಲ್ 4.75 ಟನ್ ಎಂಬಂತೆ, ಅಂದರೆ ಅದು ತಾಳಬಹುದಾದ ಭಾರದ ಮಿತಿಯ ಅಚ್ಚು ಇರಬೇಕು. ಅಚ್ಚಿಲ್ಲದ್ದು ಬೇಡ. ಪಿನ್ನನ್ನು ಪೂರ್ತಿ ಬಿಗಿದು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಇಲ್ಲದಿದ್ದರೆ ಎಳೆದ ಮೇಲೆ ಬಿಚ್ಚಲು ಬರುವುದಿಲ್ಲ. ಎರಡು ಹಗ್ಗ ಜೋಡಿಸಲು ನಡುವೆ ಉಕ್ಕಿನ ಶ್ಯಾಕಲ್ ಹಾಕಬೇಡಿ, ಹಗ್ಗ ಕಡಿದರೆ ಅದು ಹಾರಿಬರುತ್ತದೆ. ಹಗ್ಗದ್ದೇ ಮೃದು ಶ್ಯಾಕಲ್ ಸಿಗುತ್ತದೆ, ಹಗುರ, ಅಪಾಯವೂ ಕಡಿಮೆ.

ಎಳೆಯುವಾಗ ಹಗ್ಗದ ಮಧ್ಯಕ್ಕೆ ಒದ್ದೆ ಕಂಬಳಿ ಅಥವಾ ಮಣ್ಣು ತುಂಬಿದ ಚೀಲ ಹೊದಿಸಿ, ಕಡಿದರೆ ಹಾರಾಟ ತಗ್ಗುತ್ತದೆ. ನೋಡುವವರು ಹಗ್ಗದ ಒಂದೂವರೆ ಪಟ್ಟು ದೂರದಲ್ಲಿ, ಪಕ್ಕಕ್ಕೆ ನಿಲ್ಲಲಿ. ಹಗ್ಗದ ನೇರಕ್ಕೆ ಯಾರೂ ಇರಬಾರದು, ಫೋಟೋ ತೆಗೆಯುವವರು ಮೊದಲೇ ಇರಬಾರದು.

6. ಬ್ಯಾಟರಿ ಮತ್ತು ಫ್ರಿಜ್

ಫ್ರಿಜ್ ಬೇಡ ಎನ್ನುವವರು ಈ ಹಂತ ಬಿಟ್ಟುಬಿಡಿ. ನಿಮ್ಮ ಗಾಡಿ 80 ಕೆ.ಜಿ. ಹಗುರವಾಯಿತು, ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಬೇಕು ಎನ್ನುವವರಿಗೆ ಲೆಕ್ಕ ಹೀಗೆ. ಬ್ಯಾಟರಿಯ ಸಾಮರ್ಥ್ಯವನ್ನು ಆಂಪಿಯರ್-ಅವರ್‌ನಲ್ಲಿ ಹೇಳುತ್ತಾರೆ. ಸಣ್ಣ ಕಂಪ್ರೆಸರ್ ಫ್ರಿಜ್ ಬಿಸಿಲು ನೋಡಿಕೊಂಡು ದಿನಕ್ಕೆ 30ರಿಂದ 50 ತಿನ್ನುತ್ತದೆ. ದೀಪ, ಫೋನು ಸೇರಿ ಇನ್ನು 10. ಅಂದರೆ ಸುಮಾರು 50. ಎಜಿಎಂ ಎಂಬ ಸೀಸದ ಬ್ಯಾಟರಿ 100ರದ್ದಾದರೆ ಅರ್ಧ ಮಾತ್ರ ಬಳಸಬೇಕು, ಪೂರ್ತಿ ಇಳಿಸಿದರೆ ಬೇಗ ಸಾಯುತ್ತದೆ. ಅಂದರೆ ಒಂದೇ ದಿನಕ್ಕೆ ಸಾಕು. ಅದೇ ಅಳತೆಯ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯಲ್ಲಿ 80ರ ತನಕ ಬಳಸಬಹುದು, ತೂಕವೂ ಅರ್ಧಕ್ಕಿಂತ ಕಡಿಮೆ. ಆದರೆ ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದಾಗ ಅದನ್ನು ಚಾರ್ಜ್ ಮಾಡಿದರೆ ಹಾಳಾಗುತ್ತದೆ. 100 ವಾಟಿನ ಸೌರ ಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 25 ಕೊಟ್ಟೀತು. ಹಾಸಿಗೆ ಇದ್ದಷ್ಟು ಕಾಲು ಚಾಚಿ.

ಫ್ರಿಜ್ಜನ್ನು ಎಂಜಿನ್ ಚಾಲೂ ಮಾಡುವ ಬ್ಯಾಟರಿಗೆ ಕೊಡಬೇಡಿ, ಬೆಳಿಗ್ಗೆ ಗಾಡಿ ಚಾಲೂ ಆಗುವುದಿಲ್ಲ. ಎರಡನೇ ಬ್ಯಾಟರಿಯನ್ನು ಡಿಸಿ-ಡಿಸಿ ಚಾರ್ಜರ್ ಮೂಲಕ ಜೋಡಿಸಿ. ಹೊಸ ಗಾಡಿಗಳಲ್ಲಿ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಇಂಧನ ಉಳಿಸಲು ವೋಲ್ಟೇಜ್ ಏರಿಳಿಸುತ್ತದೆ, ಎರಡು ಬ್ಯಾಟರಿಗಳನ್ನು ನೇರ ಜೋಡಿಸುವ ಹಳೆಯ ರಿಲೇ ಪದ್ಧತಿಯಲ್ಲಿ ಎರಡನೇ ಬ್ಯಾಟರಿ ಪೂರ್ತಿ ತುಂಬುವುದಿಲ್ಲ.

ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಫ್ಯೂಸು ಕಾಯುವುದು ಫ್ರಿಜ್ಜನ್ನಲ್ಲ, ತಂತಿಯನ್ನು. ಫ್ರಿಜ್ಜಿನ ಹತ್ತಿರ ಹಾಕಿದರೆ, ನಡುವಿನ ತಂತಿ ಎಲ್ಲಾದರೂ ಉಜ್ಜಿ ಲೋಹಕ್ಕೆ ತಾಗಿದಾಗ ತಡೆಯುವವರಿಲ್ಲ. ಗಾಡಿಗೆ ಬೆಂಕಿ ಬೀಳುವುದು ಹೀಗೇ. ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಚಾಲಕನ ಕೈಗೆ ಎಟುಕುವ ಕಡೆ ಇರಲಿ, ಸಾಮಾನಿನ ಅಡಿಯಲ್ಲಲ್ಲ.

7. ಹೇರುವ ಕ್ರಮ

ಭಾರದ್ದು ಕೆಳಗೆ, ಎರಡು ಆಕ್ಸೆಲ್‌ಗಳ ನಡುವೆ. ಹಗುರದ್ದು ಮೇಲೆ. ದಿನವೂ ಬೇಕಾದದ್ದು ಬಾಗಿಲ ಹತ್ತಿರ. ಸಲಿಕೆ, ಹಲಗೆ, ಮಳೆ ಅಂಗಿ ಮಾತ್ರ ಏನನ್ನೂ ಇಳಿಸದೆ ಕೈಗೆ ಸಿಗಬೇಕು, ಏಕೆಂದರೆ ಅವು ಬೇಕಾಗುವುದು ಕೆಸರಿನಲ್ಲಿ, ಮಳೆಯಲ್ಲಿ. ಕೂರುವ ಜಾಗಕ್ಕೂ ಸಾಮಾನಿಗೂ ನಡುವೆ ಗಟ್ಟಿ ಜಾಲರಿ ಇರಲಿ. ಜೋರಾಗಿ ಗುದ್ದಿದಾಗ ಹಿಂದಿನ ನೀರಿನ ಕ್ಯಾನು ನಿಮ್ಮ ತಲೆಗೇ ಬರುತ್ತದೆ. ಎಲ್ಲವನ್ನೂ ರಾಟ್ಚೆಟ್ ಪಟ್ಟಿಯಿಂದ ಬಿಗಿಯಿರಿ. ರಬ್ಬರ್ ಹಗ್ಗ ಬಟ್ಟೆ ಒಣಗಿಸಲು ಒಳ್ಳೆಯದು.

8. ಉಪಕರಣ ಮತ್ತು ಬಿಡಿಭಾಗ

ಇಡೀ ಗ್ಯಾರೇಜು ಹೊತ್ತೊಯ್ಯುವ ಆಸೆ ಬೇಡ. ನಿಮ್ಮ ಗಾಡಿಯಲ್ಲಿ ಯಾವ ಅಳತೆಯ ನಟ್ಟುಗಳಿವೆಯೋ ಅದಕ್ಕೆ ಹೊಂದುವ ಸ್ಪ್ಯಾನರು, ಸಾಕೆಟ್ಟು ಸಾಕು. ಮಲ್ಟಿಮೀಟರ್ ಒಂದು ಇರಲಿ, ವಿದ್ಯುತ್ ತೊಂದರೆ ಹುಡುಕಲು ಅದಿಲ್ಲದೆ ಆಗದು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹತ್ತಿದರೆ ಕಾರಣ ಓದಿ ಹೇಳುವ ಸಣ್ಣ ಓಬಿಡಿ ಸಾಧನವೂ ಇರಲಿ.

ಬಿಡಿಭಾಗಗಳಲ್ಲಿ ಫ್ಯಾನ್ ಬೆಲ್ಟು, ರೇಡಿಯೇಟರ್ ಹೋಸು, ಅದರ ಕ್ಲಿಪ್ಪು, ಇಂಧನ ಫಿಲ್ಟರ್ ಎರಡು, ಗಾಳಿ ಫಿಲ್ಟರ್ ಒಂದು, ಫ್ಯೂಸುಗಳು, ಎಂಜಿನ್ ಆಯಿಲ್, ಕೂಲಂಟ್. ಕೊಳಕು ಡೀಸೆಲ್ ಸಿಕ್ಕಿದರೆ ಫಿಲ್ಟರ್ ಒಂದೇ ದಿನಕ್ಕೆ ಕಟ್ಟಬಹುದು, ಅದಕ್ಕೇ ಎರಡು. ಇವುಗಳ ಜೊತೆ ತಾತ್ಕಾಲಿಕ ರಿಪೇರಿಗೆ ಎಪಾಕ್ಸಿ ಅಂಟು, ತನಗೆ ತಾನೇ ಅಂಟುವ ಸಿಲಿಕೋನ್ ಟೇಪು, ಕಟ್ಟು ತಂತಿ, ಕೇಬಲ್ ಟೈ. ಹೊರಡುವ ಮುನ್ನ ಹಳೆಯ ಬೆಲ್ಟು ಬಿಚ್ಚಿಸಿ ಹೊಸದು ಹಾಕಿಸಿ, ಇನ್ನೂ ಚೆನ್ನಾಗಿರುವ ಹಳೆಯದನ್ನೇ ಬಿಡಿಭಾಗವಾಗಿ ಇಟ್ಟುಕೊಳ್ಳಿ. ಹಾಗೆ ಮಾಡಿದರೆ ನೀವು ಒಯ್ಯುವ ಭಾಗ ನಿಮ್ಮ ಗಾಡಿಗೆ ಹೊಂದುತ್ತದೆ ಎನ್ನುವುದು ಖಾತ್ರಿ.

9. ದಾರಿ, ಸಂಪರ್ಕ, ಆರೋಗ್ಯ

ಫೋನಿನಲ್ಲಿ ಓಎಸ್‌ಎಂಆ್ಯಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿಕೊಂಡು, ದಾರಿಯ ದೇಶಗಳ ನಕ್ಷೆ ಪೂರ್ತಿ ಇಳಿಸಿಕೊಳ್ಳಿ. ಎರಡೂ ಇಂಟರ್‌ನೆಟ್ ಇಲ್ಲದೆ ಓಡುತ್ತವೆ. ಕಾಗದದ ನಕ್ಷೆಯೂ ಒಂದಿರಲಿ.

ಸಿಗ್ನಲ್ ಸಿಗದ ಕಡೆಗೆ ಉಪಗ್ರಹ ಸಂದೇಶ ಸಾಧನ ಅಥವಾ ತುರ್ತು ಬೀಕನ್ ಒಯ್ಯುವವರು, ಮೊದಲು ಆಯಾ ದೇಶದ ಕಾನೂನು ನೋಡಿಕೊಳ್ಳಿ. ಭಾರತವೂ ಸೇರಿ ಕೆಲವು ದೇಶಗಳಲ್ಲಿ ಅನುಮತಿ ಇಲ್ಲದೆ ಉಪಗ್ರಹ ಫೋನು ಇಟ್ಟುಕೊಂಡರೆ ಬಂಧಿಸುತ್ತಾರೆ. ಡ್ರೋನ್ ವಿಷಯವೂ ಹೀಗೇ.

2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಬರಬಹುದು. 3,000 ಮೀಟರ್ ನಂತರ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬೇಡಿ. ಗಾಡಿಯಲ್ಲಿ ಹೋಗುವವರಿಗೆ ಇದು ಕಷ್ಟ, ಎಂಜಿನ್ ಒಂದೇ ಮಧ್ಯಾಹ್ನದಲ್ಲಿ ಎರಡು ಸಾವಿರ ಮೀಟರ್ ಹತ್ತಿಸಿಬಿಡುತ್ತದೆ. ಚಳಿಗೆ ಟೆಂಟಿನೊಳಗೆ ಒಲೆ, ಇದ್ದಿಲು ಹಚ್ಚಿ ಮಲಗುವುದಂತೂ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

10. ಕಾಗದಪತ್ರ

ಗಡಿ ದಾಟುವವರಿಗೆ ಮಾತ್ರ. ಕೆಲವು ದೇಶಗಳು ಗಡಿಯಲ್ಲೇ ತಾತ್ಕಾಲಿಕ ಆಮದು ಪರವಾನಗಿ ಕೊಡುತ್ತವೆ. ಇರಾನ್, ಪಾಕಿಸ್ತಾನ, ಈಜಿಪ್ಟ್‌ನಂಥ ಕಡೆ ಕಾರ್ನೆ ಎಂಬ ದಾಖಲೆ ಕೇಳುತ್ತಾರೆ. ಅದನ್ನು ಗಾಡಿಯ ಪಾಸ್‌ಪೋರ್ಟ್ ಎನ್ನಬಹುದು. ಗಾಡಿಯನ್ನು ಅಲ್ಲಿ ಮಾರದೆ ವಾಪಸ್ ತರುತ್ತೇವೆ ಎನ್ನುವುದಕ್ಕೆ ಅದು ಜಾಮೀನು. ನಿಮ್ಮ ದೇಶದ ಮೋಟಾರು ಸಂಘ ಠೇವಣಿ ಅಥವಾ ಬ್ಯಾಂಕ್ ಖಾತರಿ ಪಡೆದು ಕೊಡುತ್ತದೆ, ಸಾಮಾನ್ಯವಾಗಿ ಒಂದು ವರ್ಷಕ್ಕೆ. ಪ್ರತಿ ಹಾಳೆಯಲ್ಲಿ ಒಳಗೆ ಬಂದಾಗ ಒಂದು, ಹೊರಗೆ ಹೋಗುವಾಗ ಒಂದು ಮುದ್ರೆ ಬೀಳಬೇಕು. ಹೊರಹೋಗುವ ಮುದ್ರೆ ಮರೆತರೆ ಕಾಗದದ ಪ್ರಕಾರ ನಿಮ್ಮ ಗಾಡಿ ಇನ್ನೂ ಅಲ್ಲೇ ಇದೆ, ಸುಂಕ ಕಟ್ಟಿ ಎಂದು ನೋಟಿಸು ಬರುತ್ತದೆ. ಅಧಿಕಾರಿ ಎಷ್ಟೇ ಅವಸರದಲ್ಲಿರಲಿ, ಮುದ್ರೆ ನೋಡದೆ ಕೌಂಟರ್ ಬಿಡಬೇಡಿ.

ಚಾಸಿಸ್ ನಂಬರನ್ನು ಗಾಡಿಯ ಮೇಲಿರುವುದಕ್ಕೂ ಎಲ್ಲ ಕಾಗದಕ್ಕೂ ಅಂಕಿ ಅಂಕಿಯಾಗಿ ಹೋಲಿಸಿ. ಒಂದು ಅಂಕಿ ತಪ್ಪಿದರೂ ಗಡಿಯಲ್ಲಿ ಕೂರಿಸುತ್ತಾರೆ. ಗಾಡಿ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೆ ಮಾಲೀಕರ ಒಪ್ಪಿಗೆ ಪತ್ರ ನೋಟರಿ ಮಾಡಿಸಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ಒಪ್ಪಂದದ್ದು, 1968ರದ್ದು ಎಂದು ಎರಡು ಬಗೆ ಚಾಲ್ತಿಯಲ್ಲಿವೆ, ಯಾವ ದೇಶ ಯಾವುದನ್ನು ಒಪ್ಪುತ್ತದೆ ನೋಡಿಕೊಳ್ಳಿ. ಊರಿನ ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಎರಡಕ್ಕೂ ಬೆಲೆ ಇಲ್ಲ. ವಿಮೆಯ ಮೇಲೆ ದೇಶಗಳ ಪಟ್ಟಿ ಇರುತ್ತದೆ, ನಿಮಗೆ ಬೇಕಾದದ್ದಕ್ಕೆ ಅಡ್ಡಗೆರೆ ಎಳೆದಿಲ್ಲವಷ್ಟೇ?

11. ಎರಡು ರಾತ್ರಿಯ ಪರೀಕ್ಷೆ

ಹೊರಡುವುದಕ್ಕೆ ಒಂದು ತಿಂಗಳ ಮೊದಲು, ಎಲ್ಲ ಹೇರಿಕೊಂಡು ಮನೆಯ ಹತ್ತಿರವೇ ಎಲ್ಲಾದರೂ ಎರಡು ರಾತ್ರಿ ಉಳಿದು ಬನ್ನಿ. ಮಳೆ ಬರುವ ದಿನ ಸಿಕ್ಕಿದರೆ ಇನ್ನೂ ಒಳ್ಳೆಯದು. ಅಲ್ಲಿ ಒಂದು ಚಕ್ರ ಬಿಚ್ಚಿ ಸ್ಟೆಪ್ನಿ ಹಾಕಿ, ಗಾಡಿಯ ಜೊತೆ ಬಂದ ಸಾಮಾನಿನಿಂದಲೇ. ದೊಡ್ಡ ಟೈರು ಹಾಕಿಸಿದ್ದರೆ ಹಳೆಯ ಜಾಕು ಅಷ್ಟು ಎತ್ತುವುದೇ ಇಲ್ಲ ಎಂದು ಆಗ ಗೊತ್ತಾಗುತ್ತದೆ. ಗಾಳಿ ಇಳಿಸಿ, ತುಂಬಿಸಿ, ನಾಲ್ಕು ಟೈರಿಗೆ ಎಷ್ಟು ಹೊತ್ತು ಹಿಡಿಯಿತು ಬರೆದಿಡಿ. ಕತ್ತಲಲ್ಲಿ ಟೆಂಟು ಬಿಚ್ಚಿ. ಜೊತೆಗೆ ಬರುವವರೂ ಇದೆಲ್ಲ ಒಂದೊಂದು ಸಲ ಮಾಡಲಿ, ಏಕೆಂದರೆ ಜ್ವರ ಬಂದು ಮಲಗುವವರು ನೀವೇ ಆಗಿರಬಹುದು.

ವಾಪಸ್ ಬಂದು ಸಾಮಾನನ್ನೆಲ್ಲ ಇಳಿಸಿ ಮೂರು ರಾಶಿ ಮಾಡಿ: ದಿನವೂ ಬಳಸಿದ್ದು, ಒಮ್ಮೆ ಬಳಸಿದ್ದು, ಮುಟ್ಟದೇ ಇದ್ದದ್ದು. ಮೂರನೇ ರಾಶಿಯಲ್ಲಿ ಪ್ರಥಮ ಚಿಕಿತ್ಸೆ, ಬೆಂಕಿ ಆರಿಸುವುದು, ಬಿಡಿಭಾಗ, ಎಳೆಯುವ ಸಾಮಾನು ಬಿಟ್ಟು ಉಳಿದದ್ದು ಮನೆಯಲ್ಲೇ ಇರಲಿ. ಎರಡನೇ ರಾಶಿಯಲ್ಲೂ ಅರ್ಧ ಕಳೆಯಬಹುದು. ಆಮೇಲೆ ಮತ್ತೆ ವೇಬ್ರಿಡ್ಜಿಗೆ ಹೋಗಿ.

ಚಕ್ರದ ನಟ್ಟು, ಚಾವಣಿ ರ‍್ಯಾಕಿನ ಬೋಲ್ಟು, ಬ್ಯಾಟರಿಯ ಕ್ಲಿಪ್ಪು ಇವನ್ನು ಮೊದಲ 100 ಕಿ.ಮೀ. ಆದ ಮೇಲೊಮ್ಮೆ ಬಿಗಿಯಿರಿ. ತೊಳೆಯುವ ಹಲಗೆಯಂತೆ ಏರುತಗ್ಗಿರುವ ರಸ್ತೆಯಲ್ಲಿ ಓಡಿಸಿದ ದಿನ ಸಂಜೆ ಮತ್ತೊಮ್ಮೆ. ದಿನವೂ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಆಯಿಲ್, ಕೂಲಂಟ್, ಟೈರಿನ ಗಾಳಿ ನೋಡಿ. ರಾತ್ರಿ ಎಂಜಿನ್ನಿನ ಅಡಿಗೆ ಒಂದು ರಟ್ಟಿನ ಹಾಳೆ ಹಾಸಿ ಮಲಗಿ. ಬೆಳಿಗ್ಗೆ ಅದರ ಮೇಲೆ ಕಪ್ಪು ಹನಿ ಇದ್ದರೆ ಎಂಜಿನ್ ಆಯಿಲ್, ಕೆಂಪಾದರೆ ಹೆಚ್ಚಾಗಿ ಗೇರ್ ಅಥವಾ ಪವರ್ ಸ್ಟೀರಿಂಗಿನ ದ್ರವ, ಅಂಟಂಟಾಗಿ ಹಸಿರೋ ಗುಲಾಬಿಯೋ ಇದ್ದರೆ ಕೂಲಂಟ್. ಬರೀ ನೀರಾದರೆ ಎ.ಸಿ.ಯದ್ದು, ಚಿಂತೆ ಬೇಡ. ನೀರು ಬಿಟ್ಟು ಯಾವ ಬಣ್ಣದ ಹನಿ ಕಂಡರೂ ಅದು ಎಲ್ಲಿಂದ ಬಿತ್ತೆಂದು ತಿಳಿಯುವ ತನಕ ಗಾಡಿ ಚಾಲೂ ಮಾಡಬೇಡಿ.